ಅಜ್ಜನ ಗೋರಿಕಲ್ಲುಗಳು

ನಾನು ಅಕ್ಷರ ಕಲಿತದ್ದು ಗೋರಿಗಳ ಮೇಲೆ. ಹೀಗೆ ಹೇಳಿದರೆ ಈಗಿನ ಹುಡುಗರು ನಗುತ್ತಾರೆ, ಮುದುಕಿಗೆ ಅರಳುಮರಳು ಅಂದುಕೊಳ್ಳುತ್ತಾರೆ. ಕುಕನೂರಿನಿಂದ ಅಷ್ಟೇನೂ ದೂರವಿಲ್ಲದ ನಮ್ಮೂರಿನಲ್ಲಿ ಆಗ ಇದ್ದದ್ದು ಒಂದೇ ಸಾಲೆ. ಅಲ್ಲಿ ಕಲಿಸುತ್ತಿದ್ದದ್ದು ಉರ್ದು, ಅದೂ ಗಂಡುಹುಡುಗರಿಗೆ. ನಿಜಾಮನ ಸೀಮೆಯಲ್ಲಿ ಕನ್ನಡ ಓದಬೇಕೆಂದರೆ ಮಠಕ್ಕೆ ಹೋಗಬೇಕಿತ್ತು, ಹೆಣ್ಣುಹುಡುಗಿಯನ್ನು ಮಠಕ್ಕೆ ಯಾರು ಕಳಿಸುತ್ತಾರೆ? ಹಾಗಾಗಿ ಅಜ್ಜ ನನ್ನನ್ನು ಬೇವಿನಗಿಡದ ಹೊಲಕ್ಕೆ ಕರೆದುಕೊಂಡು ಹೋಗುತ್ತಿದ್ದ. ಹೊಲದ ಮೂಲೆಯಲ್ಲಿದ್ದ ನಮ್ಮ ಮನೆತನದ ಗೋರಿಗಳ ಮುಂದೆ ಕೂಡಿಸಿ, ತಾನೇ ಕೆತ್ತಿದ ಅಕ್ಷರಗಳ ಗೆರೆಯಲ್ಲಿ ನನ್ನ ಬೆರಳು ಹಿಡಿದು ಓಡಿಸುತ್ತಿದ್ದ. ನಾನು ಮೊದಲು ತಿದ್ದಿದ ಅಕ್ಷರ ನಮ್ಮ ಮುತ್ತಜ್ಜ ಮಲ್ಲಪ್ಪನ ಹೆಸರಿನ ಮೊದಲ ಅಕ್ಷರ. ಬಿಸಿಲಿಗೆ ಕಾದ ಕಲ್ಲಿನಲ್ಲಿ ಬೆರಳು ಚುರುಗುಟ್ಟುತ್ತಿತ್ತು. ಅಳುವ ಹಾಗೆ ಮುಖ ಮಾಡಿದರೆ ಅಜ್ಜ ಉಫ್ ಎಂದು ಬೆರಳಿಗೆ ಊದಿ, ಮತ್ತೆ ಕಲ್ಲಿನ ಮೇಲೇ ಇಡುತ್ತಿದ್ದ.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂಡಿಸಿ ಹೂಳುತ್ತಾರೆ. ಮದುವೆಯಾಗಿ ಸಂಸಾರ ಮಾಡಿದವರೆಲ್ಲ ಮಣ್ಣಿನೊಳಗೆ ಚಕ್ಕಳಮಕ್ಕಳ ಹಾಕಿಕೊಂಡು ಕೂತಿರುತ್ತಾರೆ. ಅವರ ತಲೆಯ ಮೇಲೆ ಒಂದು ಕಟ್ಟೆ, ಕಟ್ಟೆಯ ಮೇಲೆ ಒಂದು ಕಲ್ಲು. ಬೇರೆಯವರ ಹೊಲಗಳಲ್ಲಿ ಆ ಕಲ್ಲುಗಳ ಮೇಲೆ ಏನೂ ಇರುತ್ತಿರಲಿಲ್ಲ, ಇದ್ದರೆ ಒಂದು ಲಿಂಗದ ಗುರುತು, ಹೆಚ್ಚೆಂದರೆ ಹೆಸರು. ನಮ್ಮ ಹೊಲದಲ್ಲಿ ಮಾತ್ರ ಕಲ್ಲುಗಳು ಮಾತಾಡುತ್ತಿದ್ದವು. ಅಜ್ಜ ಹರೆಯದಲ್ಲಿ ಗುಡಿ ಕಟ್ಟುವವರ ಜೊತೆ ಓಡಾಡಿ ಉಳಿ ಹಿಡಿಯುವುದನ್ನು ಕಲಿತಿದ್ದನಂತೆ. ಒಕ್ಕಲುತನಕ್ಕೆ ಬಿದ್ದ ಮೇಲೆ ಆ ವಿದ್ಯೆಯನ್ನೆಲ್ಲ ಸತ್ತ ನೆಂಟರ ಮೇಲೆ ಖರ್ಚು ಮಾಡಿದ. ಅವನ ಅಪ್ಪನ ಕಲ್ಲು ಹೀಗಿತ್ತು:

"ಇಲ್ಲಿ ಕುಂತಾನ ಮಲ್ಲಪ್ಪ. ಬದುಕಿದ್ದಾಗ ಕುಂತಿದ್ದಿಲ್ಲ."

ಅದರ ಪಕ್ಕದಲ್ಲಿ ಅಜ್ಜನ ಅಕ್ಕ ಸಂಗವ್ವ. ಗಂಡ ಸತ್ತ ಮೇಲೆ ತವರಿಗೆ ಬಂದು, ಕೊನೆಯ ಉಸಿರಿನವರೆಗೆ ನಮ್ಮ ಅಡುಗೆಮನೆಯನ್ನು ಆಳಿದವಳು.

"ಸಂಗವ್ವ. ಸಾರಿಗೆ ಉಪ್ಪು ಕಡಿಮಿ ಐತಿ ಅಂದ್ಲು. ಅದ ಕಡೀ ಮಾತು."

ಅದರಾಚೆ ಅಜ್ಜನ ದೊಡ್ಡಪ್ಪನ ಮಗ ನಾಗಪ್ಪ:

"ಇಲ್ಲಿ ಕುಂತಾನ ನಾಗಪ್ಪ. ವರ್ಷಾ ಬದು ಒತ್ತತಿದ್ದ. ಆಜೂಬಾಜೂದವರು ಹುಷಾರ."

ಈ ಕಲ್ಲಿನಿಂದ ಒಂದು ಫಜೀತಿಯೂ ಆಯಿತು. ಹೊಲ ನೋಡಲು ಬಂದ ಕಂದಾಯದ ಗಿರ್ದಾವರ ಸಾಹೇಬರು ನೆರಳಿಗೆಂದು ಬೇವಿನಗಿಡದ ಕೆಳಗೆ ಕೂತವರು, ಆ ಕಲ್ಲಿನ ಮೇಲೆ ಏನು ಬರೆದಿದೆ ಎಂದು ಕೇಳಿದರು. ಯಾರೋ ಓದಿ ಹೇಳಿದರು. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಸರಪಳಿ ತರಿಸಿ ನಾಗಪ್ಪನ ಮಕ್ಕಳ ಹೊಲ ಅಳೆಸಿದರು. ಬದು ನಿಜವಾಗಿಯೂ ಪಕ್ಕದವರ ಹೊಲದೊಳಕ್ಕೆ ಒತ್ತಿತ್ತು. ಆ ಮಕ್ಕಳು ಬಹಳ ಕಾಲ ನಮ್ಮ ಮನೆಯ ನೀರು ಮುಟ್ಟಲಿಲ್ಲ. ಮಠದ ಅಯ್ಯನವರೂ ಬಂದು, ಸತ್ತವರನ್ನು ಹೀಗೆ ಆಡಿಕೊಳ್ಳುವುದು ಶೋಭೆಯಲ್ಲ ಎಂದು ಬುದ್ಧಿ ಹೇಳಿದರು. ಅಜ್ಜ ಅವರಿಗೆ ಕೊಟ್ಟ ಉತ್ತರ ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಮುಂದೆ ನಮ್ಮ ಮನೆಯಲ್ಲಿ ಆದದ್ದೆಲ್ಲ ಆ ಮಾತಿನಿಂದಲೇ ಆಯಿತು.

"ಪುಣ್ಯಾತ್ಮ, ಧರ್ಮಾತ್ಮ ಅಂತ ಬರದ್ರ ಯಾರು ಅಂತ ಗೊತ್ತಾಗಬೇಕಲ್ಲರಿ ಅಯ್ಯನವರ? ಸತ್ತ ಮ್ಯಾಲೆ ಎಲ್ಲಾರೂ ಪುಣ್ಯಾತ್ಮರ. ಮನಶ್ಯಾಗ ಒಂದು ಹುಳುಕು ಇರತೈತಿ ನೋಡ್ರಿ, ಅದ ಅವನ ಗುರುತು. ಹುಳುಕು ಬರದ್ರ, ಹೌದು, ಇಂವ ನಮ್ಮ ನಾಗಪ್ಪ ಅಂತಾರ ಮಂದಿ."

ಸಂಜೆ ಊಟವಾದ ಮೇಲೆ ಪಡಸಾಲೆಯಲ್ಲಿ ಇದೇ ಒಂದು ಆಟ. ಅಜ್ಜ ಗೋಡೆಗೆ ಒರಗಿ ಕೂತು, ಬದುಕಿದ್ದವರಿಗೂ ಕಲ್ಲು ಬರೆಯುತ್ತಿದ್ದ. ನಮ್ಮ ಅಮ್ಮನಿಗೆ, ನಮ್ಮಲ್ಲಿ ಅಮ್ಮ ಎಂದರೆ ಅಜ್ಜಿ, "ನೀಲವ್ವ. ಈಕಿ ಮಾತು ಇನ್ನೂ ಮುಗದಿಲ್ಲ" ಎಂದು ಬರೆದಿಟ್ಟಿದ್ದ. ಅಮ್ಮ ಎಲೆ ಅಡಿಕೆ ಮೆಲ್ಲುತ್ತ, ನೀ ಮೊದಲು ಸಾಯಿ, ನಿನ್ನ ಕಲ್ಲಿನ ಮೇಲೆ ನಾನೇ ಉಗಿದು ಬರುತ್ತೇನೆ ಅನ್ನುತ್ತಿದ್ದಳು. ಸಾವಿನ ಮಾತನ್ನು ಇಷ್ಟು ಸಲೀಸಾಗಿ ಆಡುವ ಮನೆ ಸುತ್ತಲ ಸೀಮೆಯಲ್ಲಿ ಇನ್ನೊಂದು ಇರಲಿಲ್ಲ. ಅದನ್ನು ಕೇಳಿ ಬೆಳೆದ ನಾನು, ಸಾವೆಂದರೆ ಮುದುಕರು ಹೊಲಕ್ಕೆ ಹೋಗಿ ಕೂಡುವುದು, ಆಮೇಲೆ ಮನೆಯವರು ಅವರನ್ನು ನೆನೆದು ನಗುವುದು, ಇಷ್ಟೇ ಎಂದು ತಿಳಿದಿದ್ದೆ.

ಮನೆ ಎಂದರೆ ಮಣ್ಣಿನ ಮಾಳಿಗೆಯ ಮನೆ. ತಲೆಬಾಗಿಲು ದಾಟಿದರೆ ಮೊದಲು ಎತ್ತು ಎಮ್ಮೆಗಳ ಜಾಗ, ಅದರ ಮೇಲೊಂದು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಹಿಂದೆ ಅಡುಗೆಮನೆ. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲಿನ ಒಂದು ತುಂಡು ಒಳಗೆ ಬಿದ್ದು ದಿನವಿಡೀ ಗೋಡೆಯಿಂದ ಗೋಡೆಗೆ ತೆವಳುತ್ತಿತ್ತು. ಉಳಿದದ್ದೆಲ್ಲ ಮಬ್ಬು. ಆ ಮಬ್ಬಿನಲ್ಲಿ ನಮ್ಮ ಅವ್ವ ಇರುತ್ತಿದ್ದಳು. ಅಪ್ಪ ಗಂಗಾವತಿಯಲ್ಲಿ ಅಕ್ಕಿ ಅಂಗಡಿಯೊಂದರಲ್ಲಿ ದುಡಿಯುತ್ತಿದ್ದ, ಅಮಾಸೆಗೊಮ್ಮೆ ಬಂದು ಹೋಗುತ್ತಿದ್ದ. ಹೀಗಾಗಿ ಮನೆಯೆಂದರೆ ಪಡಸಾಲೆಯಲ್ಲಿ ಅಜ್ಜ, ಅಡುಗೆಮನೆಯಲ್ಲಿ ಅವ್ವ, ನಡುವೆ ಓಡಾಡುವ ಅಮ್ಮನ ಬಾಯಿ. ಸೊಸೆಯಾದವಳು ಮಾವನ ಮುಂದೆ ನಿಲ್ಲಬಾರದು, ಮಾವನ ಜೊತೆ ಮಾತಾಡಬಾರದು. ಅಜ್ಜ ಒಳಗೆ ಬರುವ ಮೊದಲು ಕೆಮ್ಮುತ್ತಿದ್ದ, ಅವ್ವ ಸೆರಗು ಎಳೆದುಕೊಂಡು ಬಾಗಿಲ ಮರೆಗೆ ಸರಿಯುತ್ತಿದ್ದಳು. ಏನಾದರೂ ಹೇಳಬೇಕಾದರೆ ನಾನಿದ್ದೆ.

"ಶಾಂತವ್ವ, ಹೇಳು ನಿಮ್ಮಜ್ಜಗ, ರೊಟ್ಟಿ ಆರತಾವ ಅಂತ."

"ಹೇಳು ನಿಮ್ಮವ್ವಗ, ಕೈಕಾಲು ತೊಳಕೊಂಡು ಬಂದೆ ಅಂತ."

ಇಬ್ಬರ ನಡುವೆ ಒಂದು ಬಾಗಿಲು, ಅದೂ ತೆರೆದದ್ದು. ಒಬ್ಬರ ಮಾತು ಇನ್ನೊಬ್ಬರಿಗೆ ನನಗಿಂತ ಮೊದಲೇ ಕೇಳಿಸುತ್ತಿತ್ತು. ಆದರೂ ನಾನು ಹೊಸ್ತಿಲ ಮೇಲೆ ನಿಂತು, ಇತ್ತ ಒಮ್ಮೆ ಅತ್ತ ಒಮ್ಮೆ ತಿರುಗಿ, ಪ್ರತಿ ಮಾತನ್ನೂ ದಾಟಿಸಲೇಬೇಕಿತ್ತು. ದಾಟಿಸದಿದ್ದರೆ ಆ ಮಾತು ಆಡಿದಂತಲ್ಲ. ನನಗೆ ಮಾತು ಬಂದಾಗಿನಿಂದ ನಾನು ಮಾಡಿದ ಮೊದಲ ಕೆಲಸ ಇದೇ. ಇನ್ನೊಬ್ಬರ ಮಾತನ್ನು ಒಂದಕ್ಷರ ಬಿಡದೆ ಹೇಳುವುದು ಎಷ್ಟು ಕಷ್ಟ ಎಂದು ಆಗಲೇ ಕಲಿತೆ.

ಅವ್ವನಿಗೆ ಬಾಯಿ ಇರಲಿಲ್ಲವೆಂದಲ್ಲ. ಅವಳ ಬಾಯಿ ಅಜ್ಜನದಕ್ಕಿಂತ ಚುರುಕು, ಆದರೆ ಅದನ್ನು ಕೇಳಿದವಳು ನಾನೊಬ್ಬಳೇ. ಪಡಸಾಲೆಯಲ್ಲಿ ಅಜ್ಜ ಯಾರಿಗೋ ಕಲ್ಲು ಬರೆಯುತ್ತಿದ್ದರೆ, ಇವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತ, ಸದ್ದಿನಲ್ಲಿ ಮರೆಸಿಕೊಂಡು ನನ್ನ ಕಿವಿಯಲ್ಲಿ ಹೇಳುತ್ತಿದ್ದಳು.

"ಇಲ್ಲಿ ಕುಂತಾರ ನಿಮ್ಮಜ್ಜ. ರೊಟ್ಟಿ ಬಿಸಿ ಇಲ್ಲಂದ್ರ ಎದ್ದು ಬರ್ತಾರ."

ನಾನು ನಕ್ಕರೆ ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚುತ್ತಿದ್ದಳು. ಆ ಹಿಟ್ಟಿನ ರುಚಿ ಇನ್ನೂ ತುಟಿಯ ಮೇಲಿದೆ.

ನನ್ನ ತಮ್ಮ ಈರಣ್ಣ ಹುಟ್ಟಿದ್ದು ಹಿಂಗಾರಿ ಬಿತ್ತನೆಯ ಕಾಲಕ್ಕೆ. ಮುಂದಿನ ಬ್ಯಾಸಿಗೆಯಲ್ಲಿ ಅವನು ಇರಲಿಲ್ಲ. ಅವನ ಬಗ್ಗೆ ನನಗೆ ನೆನಪಿರುವುದು ಬಹಳ ಕಡಿಮೆ. ತಲೆಯಲ್ಲಿ ಕೂದಲು ತೆಳ್ಳಗಿತ್ತು, ಕೆಳಗಿನ ವಸಡಿನಲ್ಲಿ ಹಲ್ಲು ಮೂಡುತ್ತಿತ್ತು. ಜ್ವರ ಬಂದು ಮೈ ಕೆಂಡವಾದಾಗ ಅಮ್ಮ ಉಳ್ಳಾಗಡ್ಡಿ ಜಜ್ಜಿ ಅಂಗಾಲಿಗೆ ಹಚ್ಚಿದಳು, ಅಯ್ಯನವರು ವಿಭೂತಿ ಕೊಟ್ಟರು, ಅಜ್ಜ ಗಾಡಿ ಹೂಡಿಕೊಂಡು ಕುಕನೂರಿಗೆ ಹೋಗಿ ವೈದ್ಯರ ಪುಡಿ ತಂದ. ಪುಡಿಯನ್ನು ಜೇನಿನಲ್ಲಿ ತೇಯುವಾಗಲೇ ಅವ್ವನ ತೊಡೆಯ ಮೇಲೆ ಅವನ ಕಾಲು ಸಡಿಲಾದವು. ಹಾಡಹಗಲು. ಬೆಳಕಿಂಡಿಯ ಬಿಸಿಲು ಅವ್ವನ ಹೆಗಲ ಮೇಲಿತ್ತು. ಅವಳು ಅಳಲಿಲ್ಲ. ತೇಯುತ್ತಿದ್ದ ಅಮ್ಮನ ಕೈಯನ್ನೇ ನೋಡುತ್ತ, ಬಹಳ ಹೊತ್ತು ಹಾಗೇ ಕೂತಿದ್ದಳು.

ಹಸುಗೂಸುಗಳನ್ನು ಕೂಡಿಸುವುದಿಲ್ಲ, ಮಲಗಿಸಿ ಹೂಳುತ್ತಾರೆ. ಕಟ್ಟೆ ಕಟ್ಟುವುದಿಲ್ಲ, ಕಲ್ಲು ಇಡುವುದಿಲ್ಲ. ಗಂಗಾವತಿಯಿಂದ ಅಪ್ಪ ಬಂದು ಮುಟ್ಟುವುದರೊಳಗೆ ಅಜ್ಜನೇ ಅವನನ್ನು ಧೋತರದ ತುಂಡಿನಲ್ಲಿ ಸುತ್ತಿ ಒಯ್ದು, ಹೊಲದ ಬದುವಿನ ಬುಡದಲ್ಲಿ ಮಲಗಿಸಿ, ನಾಯಿ ಕೆದರದಂತೆ ಜಾಲಿಮುಳ್ಳು ಹೇರಿ ಬಂದ. ಬಂದವನು ಸ್ನಾನ ಮಾಡಿ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತ. ಅಮ್ಮ ತೊಟ್ಟಿಲು ಬಿಚ್ಚಿ ಮಾಳಿಗೆಗೆ ಹಾಕಿದಳು, ಕುಂಚಿಗೆಗಳನ್ನು ಗಂಟು ಕಟ್ಟಿ ಯಾರಿಗೋ ಕೊಟ್ಟಳು. ಅವನ ಹೆಸರು ಇನ್ನು ಈ ಮನೆಯಲ್ಲಿ ಎತ್ತಬಾರದು ಎಂದಳು. ಅದು ಅವಳ ಕಲ್ಲೆದೆಯಲ್ಲ. ಹೆಸರು ಎತ್ತದೆ, ಗುರುತು ಇಡದೆ ಮರೆತುಬಿಟ್ಟರೆ ಹೋದ ಕೂಸು ಅದೇ ತಾಯಿಯ ಹೊಟ್ಟೆಗೆ ತಿರುಗಿ ಬರುತ್ತದೆ ಎಂದು ನಮ್ಮ ಕಡೆಯ ಹೆಂಗಸರ ನಂಬಿಕೆ. ಅಮ್ಮ ತಾನು ಕಳಕೊಂಡ ಕೂಸುಗಳನ್ನೂ ಹೀಗೇ ಮರೆತಿದ್ದಳು. ಎಷ್ಟು ಚೆನ್ನಾಗಿ ಮರೆತಿದ್ದಳೆಂದರೆ, ಅವುಗಳ ಹೆಸರು ಕೇಳಿದರೆ ಅವಳಿಗೇ ನೆನಪಿರಲಿಲ್ಲ.

ಮನೆ ಮುಚ್ಚಿಕೊಂಡಿತು. ಸಂಜೆಯ ಆಟ ನಿಂತಿತು. ಒಲೆ ಹೊತ್ತುತ್ತಿತ್ತು, ರೊಟ್ಟಿ ಬೇಯುತ್ತಿತ್ತು, ಎಮ್ಮೆ ಕರೆಯುತ್ತಿದ್ದರು. ಎಲ್ಲರೂ ಅಡ್ಡಾಡುತ್ತಿದ್ದರು, ಯಾರಿಗೂ ಯಾರ ಮುಖವೂ ಬೇಕಿರಲಿಲ್ಲ. ಅವ್ವನ ಕುಪ್ಪಸ ಹಾಲಿಗೆ ತೊಯ್ದು ತೊಯ್ದು ಒಣಗಿ ಬಿರುಸಾಗಿತ್ತು. ಒಂದು ಮುಂಜಾನೆ ಅವಳು ಅಜ್ಜನಿಗೆ ನುಚ್ಚು ಮಜ್ಜಿಗೆ ಬಡಿಸಿದ ಗಂಗಾಳವನ್ನು ನನ್ನ ಕೈಯಲ್ಲಿ ಕೊಡುತ್ತ, ಬಾಗಿಲ ಮರೆಯಿಂದಲೇ ಹೇಳಿದಳು.

"ಹೇಳು ನಿಮ್ಮಜ್ಜಗ, ಈರಣ್ಣಗ ಒಂದು ಕಲ್ಲು ಬರೀರಿ ಅಂತ."

ನಾನು ದಾಟಿಸಿದೆ. ಹೆಸರು ಎತ್ತಿದ್ದಕ್ಕೆ ಅಮ್ಮ ಎದೆ ಬಡಿದುಕೊಂಡಳು. ಅಜ್ಜ ಗಂಗಾಳವನ್ನು ಕೆಳಗಿಟ್ಟ.

"ಹೇಳು ನಿಮ್ಮವ್ವಗ. ಆ ಕೂಸು ಏನು ಮಾಡಿತ್ತು ಅಂತ ಬರೀಲಿ? ಒಬ್ಬರ ಜೋಡಿ ಜಗಳಾಡಲಿಲ್ಲ, ಒಂದು ಸುಳ್ಳು ಹೇಳಲಿಲ್ಲ. ಹುಳುಕು ಇಲ್ಲದವನ ಮ್ಯಾಲೆ ಬರಿಯಾಕ ನನಗ ಬರೂದಿಲ್ಲ. ಬರೇ ಹೆಸರು ಬರದ್ರ ಅದು ಯಾರದರ ಕಲ್ಲು ಆಗತೈತಿ. ಆಗೂದಿಲ್ಲ ಅಂತ ಹೇಳು."

ಇಷ್ಟು ಉದ್ದದ ಮಾತನ್ನು ನಾನು ಹೊತ್ತೊಯ್ಯಬೇಕಾಯಿತು. "ಹುಳುಕು ಇಲ್ಲದವನ" ಎನ್ನುವಲ್ಲಿಗೆ ಬಂದಾಗ ಅವ್ವ ಕೈ ಎತ್ತಿದಳು, ಸಾಕು ಅನ್ನುವ ಹಾಗೆ. ಅಮ್ಮ ಬಂದು ಅವಳ ಬೆನ್ನು ಸವರಿ, ಕಲ್ಲು ಇಟ್ಟರೆ ಅವನು ತಿರುಗಿ ಬರುವುದಿಲ್ಲ, ನಾಳೆ ನಿನ್ನ ಹೊಟ್ಟೆ ಮತ್ತೆ ತುಂಬಬೇಕೋ ಬೇಡವೋ ಎಂದು ಕೇಳಿದಳು. ಅವ್ವ ತಲೆ ಎತ್ತದೆ ಉತ್ತರ ಕೊಟ್ಟಳು.

"ಬಂದ್ರ ಬ್ಯಾರೆ ಯಾರರ ಬರ್ತಾರ್ರಿ ಅತ್ತಿ. ಇಂವ ಬರೂದಿಲ್ಲ. ಇಂವ ಇದ್ದ ಅಂತ ಒಬ್ಬರರ ಹೇಳಬ್ಯಾಡೇನ್ರಿ?"

ಆ ದಿನ ಮಧ್ಯಾಹ್ನ ಅಮ್ಮ ಖಾರ ಅರೆಯಲು ಕೂತರೆ ಒಳಕಲ್ಲಿನಲ್ಲಿ ಗುಂಡಕಲ್ಲು ಇರಲಿಲ್ಲ. ಅದು ನಮ್ಮ ಮನೆಯಲ್ಲಿ ಬರಿಯ ಕಲ್ಲಾಗಿರಲಿಲ್ಲ. ನಮ್ಮ ಕಡೆ ಕೂಸಿಗೆ ಹೆಸರಿಡುವ ದಿನ, ಕೂಸಿಗಿಂತ ಮೊದಲು ಗುಂಡಕಲ್ಲನ್ನು ತೊಳೆದು, ಕುಂಕುಮ ಹಚ್ಚಿ, ಕುಂಚಿಗೆ ಹಾಕಿ, ಗುಂಡಪ್ಪ ಎಂದು ಕರೆದು ತೊಟ್ಟಿಲಲ್ಲಿ ಮಲಗಿಸುತ್ತಾರೆ. ಅವನು ಅಣ್ಣ, ಕೂಸು ತಮ್ಮ. ಗುಂಡಪ್ಪನ ಹಾಗೆ ಗಟ್ಟಿಯಾಗಿ ಬಾಳಲಿ ಎಂದು ಹಾರೈಕೆ. ನನ್ನ ತೊಟ್ಟಿಲಲ್ಲೂ ಅದೇ ಕಲ್ಲು ಮಲಗಿತ್ತು, ನಮ್ಮ ಅಪ್ಪನ ತೊಟ್ಟಿಲಲ್ಲೂ. ಅವ್ವ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊಲಕ್ಕೆ ಹೋಗಿ, ಮುಳ್ಳು ಸರಿಸಿ, ಈರಣ್ಣನ ತಲೆಯ ಕಡೆ ನೆಟ್ಟು ಬಂದಿದ್ದಳು. ಬರೆದ ಕಲ್ಲು ಸಿಗದಿದ್ದರೆ ಬರೆಯದ ಕಲ್ಲಾದರೂ ಇರಲಿ ಎಂದು.

ಅಮ್ಮ ಬೈದುಕೊಳ್ಳುತ್ತ ಹೋಗಿ ಅದನ್ನು ಕಿತ್ತು ತಂದಳು. ಮರುದಿನ ಅವ್ವ ಮತ್ತೆ ಒಯ್ದಳು. ಅಮ್ಮ ಮತ್ತೆ ತಂದಳು, ಅವ್ವ ಮತ್ತೆ ಒಯ್ದಳು. ಊರವರು ಕಂಡು ನಗತೊಡಗಿದರು. ಗೌಡರ ಬಾವಿಯ ಹತ್ತಿರ ಹೆಂಗಸರು ನನ್ನನ್ನು ನಿಲ್ಲಿಸಿ, ಇವತ್ತು ಗುಂಡಪ್ಪ ಎಲ್ಲಿದ್ದಾನೆ, ಮನೆಯಲ್ಲೋ ಹೊಲದಲ್ಲೋ ಎಂದು ಕೇಳುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು, ಸಿಟ್ಟೂ ಬರುತ್ತಿತ್ತು. ಕೊನೆಗೆ ಅಮ್ಮನ ಮೊಣಕಾಲು ಸೋತವು. ಕಲ್ಲು ಹೊಲದಲ್ಲೇ ಉಳಿಯಿತು. ಮನೆಯಲ್ಲಿ ಕೆಂಪುಖಾರ ಇಲ್ಲ, ರೊಟ್ಟಿಗೆ ಹಚ್ಚಿಕೊಳ್ಳಲು ಹಿಂಡಿ ಇಲ್ಲ, ಪುಂಡಿಪಲ್ಯಕ್ಕೆ ಬಳ್ಳೊಳ್ಳಿ ಜಜ್ಜುವುದಕ್ಕೂ ಏನಿಲ್ಲ. ಪಕ್ಕದ ಮನೆಗೆ ಹೋಗಿ ಅರೆದುಕೊಂಡು ಬರೋಣವೆಂದರೆ ಅಮ್ಮನಿಗೆ ಮರ್ಯಾದೆ ಅಡ್ಡ ಬಂತು. ಎಲ್ಲರೂ ಒಣರೊಟ್ಟಿಯನ್ನು ಮಜ್ಜಿಗೆಯಲ್ಲಿ ಅದ್ದಿ ನುಂಗಿದೆವು. ಅಜ್ಜನಿಗೆ ಖಾರವಿಲ್ಲದೆ ತುತ್ತು ಇಳಿಯುತ್ತಿರಲಿಲ್ಲ.

"ಹೇಳು ನಿಮ್ಮವ್ವಗ, ಗುಂಡಕಲ್ಲು ತಂದು ಜಾಗಾದಾಗ ಇಡು ಅಂತ."

"ಹೇಳು ನಿಮ್ಮಜ್ಜಗ, ಕಲ್ಲು ಕೊಡಲಿ, ಕಲ್ಲು ಒಯ್ಯಲಿ."

ಆ ಮನೆಯಲ್ಲಿ ಮಾವನಿಗೆ ಸೊಸೆ ಇಂಥ ಮಾತು ಕಳಿಸಿದ್ದು ಅದೇ ಮೊದಲು. ಅಜ್ಜ ಎದ್ದು ದನಗಳ ಕಡೆ ಹೋದ. ಅಮ್ಮ ಸುಮ್ಮನಾಗಲಿಲ್ಲ. ಅಮಾಸೆಗೆ ಅಪ್ಪ ಬಂದಾಗ ಪಡಸಾಲೆಯಲ್ಲಿ ಕೂಡಿಸಿ ಎಲ್ಲ ಹೇಳಿದಳು. ಇವಳಿಗೆ ತಲೆ ಕೆಟ್ಟಿದೆ, ತವರಿಗೆ ಕಳಿಸೋಣ, ಹನುಮಸಾಗರದಲ್ಲಿ ಅವರಣ್ಣ ಇದ್ದಾನೆ, ಕೆಲವು ದಿನ ಇಟ್ಟುಕೊಳ್ಳಲಿ ಎಂದಳು. ಕೆಲವು ದಿನ ಎಂದರೆ ಏನೆಂದು ನನಗೂ ಗೊತ್ತಿತ್ತು. ನಮ್ಮ ಓಣಿಯಲ್ಲೇ ಹಾಗೆ ಹೋದವಳೊಬ್ಬಳು ತಿರುಗಿ ಬಂದಿರಲಿಲ್ಲ, ಅವಳ ಗಂಡನಿಗೆ ಬೇರೆ ಮದುವೆಯಾಗಿತ್ತು. ಅಪ್ಪ ತಲೆ ತಗ್ಗಿಸಿ ನೆಲ ಕೆರೆಯುತ್ತಿದ್ದ. ಅವನು ಒಳ್ಳೆಯವನು, ಆದರೆ ತಾಯಿಯ ಮುಂದೆ ಅವನ ನಾಲಿಗೆ ಏಳುತ್ತಿರಲಿಲ್ಲ. ಅಜ್ಜನ ಕಡೆ ನೋಡಿದ. ಅಜ್ಜ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಹೂಂ ಅಂದ ಹಾಗೆಯೇ ಆಯಿತು.

ಮರುದಿನ ಬೆಳಿಗ್ಗೆ ಗಾಡಿ ಬಾಗಿಲಿಗೆ ಬಂತು. ಅಪ್ಪನೇ ಎತ್ತು ಹೂಡಿದ. ಅವ್ವ ಎರಡು ಸೀರೆ, ಒಂದು ಕುಪ್ಪಸದ ಗಂಟು ಕಟ್ಟಿ ಅಡುಗೆಮನೆಯ ಬಾಗಿಲ ಹತ್ತಿರ ಇಟ್ಟುಕೊಂಡು ನಿಂತಿದ್ದಳು. ನನ್ನನ್ನು ಕಳಿಸುವುದಿಲ್ಲವೆಂದು ಅಮ್ಮ ಮೊದಲೇ ಹೇಳಿಬಿಟ್ಟಿದ್ದಳು. ನಾನು ಹೊಸ್ತಿಲ ಮೇಲೆ, ನನ್ನ ಯಾವಾಗಿನ ಜಾಗದಲ್ಲಿ, ಚೌಕಟ್ಟು ತಬ್ಬಿಕೊಂಡು ನಿಂತಿದ್ದೆ. ಆಗ ಆದಷ್ಟು ಭಯ ನನಗೆ ಆಮೇಲೆ ಇಡೀ ಬದುಕಿನಲ್ಲಿ ಆಗಲಿಲ್ಲ. ಅಜ್ಜ ಗೋಡೆಗೆ ಒರಗಿ ಕೂತಿದ್ದವನು ಗಂಟನ್ನು ನೋಡಿದ, ನನ್ನ ಕಡೆ ತಿರುಗಿದ.

"ಕೇಳು ನಿಮ್ಮವ್ವನ್ನ. ಒಂದರ ಹುಳುಕು ಇತ್ತೇನು ಅವಗ? ಒಂದರ?"

ನಾನು ಅತ್ತ ತಿರುಗಿದೆ. ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ನನ್ನ ಹೆಗಲ ಮೇಲೆ ಕೈ ಇಟ್ಟು, ನನ್ನನ್ನು ಪಕ್ಕಕ್ಕೆ ಸರಿಸಿ, ಪಡಸಾಲೆಯೊಳಗೆ ಬಂದಳು. ಸೆರಗು ಹಣೆಯವರೆಗೂ ಇತ್ತು, ಮುಖ ಕಾಣುತ್ತಿರಲಿಲ್ಲ. ಧ್ವನಿ ಮಾತ್ರ ಮನೆ ತುಂಬಿತು.

"ಇದ್ದುವುರಿ ಮಾವನವರ. ಬೇಕಾದಷ್ಟು ಇದ್ದುವು. ಕಚ್ಚತಿದ್ದ. ಎರಡು ಹಲ್ಲು ಇನ್ನೂ ಮ್ಯಾಲೆ ಬಂದಿದ್ದಿಲ್ಲ, ರಗತ ಬರೂಹಂಗ ಕಚ್ಚತಿದ್ದ. ನುಚ್ಚು ತಿನಸಾಕ ಹೋದ್ರ ಮಾರಿ ಮ್ಯಾಲೆ ಉಗಳತಿದ್ದ. ಅತ್ತಿ ಎತ್ತಿಕೊಂಡ್ರ ಕೂದಲಾ ಹಿಡದು ಜಗ್ಗತಿದ್ದ. ನನ್ನ ಬಿಟ್ಟು ಅರೆಗಳಿಗಿ ಇರತಿದ್ದಿಲ್ಲರಿ. ನೀರಿಗೆ ಹೋಗಾಕ ಬಿಡತಿದ್ದಿಲ್ಲ, ಹೊರಕಡಿಗೆ ಹೋಗಾಕ ಬಿಡತಿದ್ದಿಲ್ಲ. ಕಣ್ಣಮರಿ ಆದ್ರ ಸಾಕು, ಉಸಿರು ಕಟ್ಟಿ ನೀಲಿ ಆಗೂತನಾ ಅಳತಿದ್ದ. ನೀವ ಬೈತಿದ್ರಲ್ಲರಿ, ಇದೆಂಥಾ ಹಟಮಾರಿ ಹುಟ್ಟೈತಿ ಅಂತ? ಮರತ್ರೇನ್ರಿ? ಇಷ್ಟು ಲಗೂನ ಮರತ್ರೇನ್ರಿ?"

ಅಮ್ಮನ ಬಾಯಿಂದ ಎಲೆ ಅಡಿಕೆ ಜಾರಿ ಮಡಿಲಿಗೆ ಬಿತ್ತು. ಅಪ್ಪ ನೊಗದ ಮೇಲೆ ಕೈ ಇಟ್ಟುಕೊಂಡು ತಲೆಬಾಗಿಲಲ್ಲಿ ನಿಂತುಬಿಟ್ಟಿದ್ದ. ನನ್ನ ಬಾಯಿ ತೆರೆದದ್ದು ತೆರೆದೇ ಇತ್ತು, ದಾಟಿಸುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ಅಜ್ಜ ತಲೆ ಎತ್ತಲಿಲ್ಲ. ಅವನು ಸೊಸೆಯ ಪಾದಗಳನ್ನೇ ನೋಡುತ್ತಿದ್ದ. ಆ ಮನೆಯಲ್ಲಿ ಅಷ್ಟು ಕಾಲ ಬದುಕಿ, ಅವಳ ಕಾಲುಂಗುರ ಅವನು ನೋಡಿದ್ದು ಬಹುಶಃ ಅದೇ ಮೊದಲು. ಆಮೇಲೆ ಮುಖವನ್ನು ಹೆಗಲ ಮೇಲಿನ ಟುವಾಲಿನಲ್ಲಿ ಹುದುಗಿಸಿದ. ಅವನ ಬೆನ್ನು ಅಲುಗುವುದನ್ನು ನಾನು ನೋಡಿದೆ. ಹೊರಗೆ ನಿಂತ ಅಪ್ಪನಿಗೆ ಟುವಾಲಿನೊಳಗಿಂದಲೇ ಹೇಳಿದ.

"ಎತ್ತು ಬಿಚ್ಚೋ."

ಅಜ್ಜ ಕಲ್ಲು ಹುಡುಕಲು ದೂರ ಹೋಗಲಿಲ್ಲ. ಜೋಳ ತುಂಬುವ ಹಗೇವಿನ ಬಾಯಿಗೆ ಮುಚ್ಚಲೆಂದು ತಂದು ಸಣ್ಣದಾಯಿತೆಂದು ಬಿಟ್ಟಿದ್ದ ಚಪ್ಪಡಿಯೊಂದು ಹಿತ್ತಲಲ್ಲಿತ್ತು. ಅದನ್ನು ಎಮ್ಮೆಯ ಪಕ್ಕದಲ್ಲಿ ಹಾಕಿಕೊಂಡು ಉಳಿ ಹಿಡಿದು ಕೂತ. ಬೇರೆಯವರ ಕಲ್ಲು ಕೆತ್ತುವಾಗ ತನ್ನಷ್ಟಕ್ಕೇ ನಗುತ್ತ, ಹೋಗಿಬರುವವರಿಗೆಲ್ಲ ಕೂಗಿ ಹೇಳುತ್ತ ಕೆತ್ತುತ್ತಿದ್ದವನು, ಈ ಸಲ ಯಾರನ್ನೂ ಹತ್ತಿರ ಬಿಡಲಿಲ್ಲ. ನಾನು ಓದಲು ಬಗ್ಗಿದರೆ ಟುವಾಲು ಮುಚ್ಚಿದ. ದಿನವಿಡೀ ಟಕ್ ಟಕ್ ಸದ್ದು ಅಡುಗೆಮನೆಗೆ ಕೇಳುತ್ತಿತ್ತು. ಸದ್ದು ನಿಂತರೆ ಅವ್ವನ ಕೈಯೂ ನಿಲ್ಲುತ್ತಿತ್ತು, ಶುರುವಾದರೆ ಮತ್ತೆ ರೊಟ್ಟಿ ಬಡಿಯುತ್ತಿದ್ದಳು. ಒಂದು ಮಧ್ಯಾಹ್ನ ಅಮ್ಮ ನನ್ನನ್ನು ಕರೆದು, ನಾನು ಕಳಕೊಂಡ ಮೊದಲನೆಯದೂ ಗಂಡೇ ಆಗಿತ್ತು, ಅದರ ಹಣೆಯ ಮೇಲೆ ಸುಳಿ ಇತ್ತು ಎಂದಳು. ಯಾಕೆ ಹೇಳಿದಳೋ. ಅದರ ಹೆಸರೇನು ಎಂದು ನಾನು ಕೇಳಲಿಲ್ಲ.

ಕಲ್ಲು ಮುಗಿದ ದಿನ ಅಜ್ಜ ಮತ್ತು ಅಪ್ಪ ಗಾಡಿಯಲ್ಲಿ ಹೇರಿಕೊಂಡು ಹೋಗಿ ನೆಟ್ಟು ಬಂದರು. ಬಂದ ಮೇಲೆ ಅಜ್ಜ ನನಗೆ, ನಿಮ್ಮವ್ವನನ್ನು ಕರೆದುಕೊಂಡು ಹೋಗು, ನೀನೇ ಓದಿ ಹೇಳು ಎಂದ. ಅವ್ವನಿಗೆ ಓದು ಬರುತ್ತಿರಲಿಲ್ಲ. ಇಳಿಬಿಸಿಲು. ಹತ್ತಿಕಟ್ಟಿಗೆ ಕಿತ್ತ ಕರಿಹೊಲ ಬಿರುಕು ಬಿಟ್ಟು ಮಲಗಿತ್ತು, ದೂರದಲ್ಲಿ ಯಾರೋ ಕುರಿ ಹೊಡೆದುಕೊಂಡು ಹೋಗುತ್ತಿದ್ದರು. ಬದುವಿನ ಬುಡದಲ್ಲಿ ಮುಳ್ಳು ಸರಿಸಿ, ನನ್ನ ಮೊಣಕಾಲಿನಷ್ಟೂ ಎತ್ತರವಿಲ್ಲದ ಕಲ್ಲು ನಿಲ್ಲಿಸಿದ್ದರು. ಗುಂಡಕಲ್ಲು ಅದರ ಪಕ್ಕದಲ್ಲಿತ್ತು. ಅದನ್ನು ಇನ್ನು ಮನೆಗೆ ಒಯ್ಯಬೇಕಿತ್ತು, ಕಲ್ಲಿಗೆ ಕಲ್ಲು ಎಂದು ಮಾತಾಗಿತ್ತಲ್ಲ. ನಾನು ಕೂತು, ಕಲ್ಲಿನ ಧೂಳು ಒರೆಸಿ, ಬೆರಳಿಟ್ಟುಕೊಂಡು ಓದಿದೆ.

"ಇಲ್ಲಿ ಈರಣ್ಣ ಅದಾನ. ಅವ್ವನ್ನ ಬಿಟ್ಟು ಅರೆಗಳಿಗಿ ಇರತಿದ್ದಿಲ್ಲ. ಈಗ ಹ್ಯಾಂಗ ಅದಾನೋ."

ಅರೆಗಳಿಗೆಯ ಮಾತಿಗೆ ಅವ್ವ ಫಕ್ಕನೆ ನಕ್ಕಳು. ತನ್ನ ಮಗ ಎದುರಿಗೇ ಹಟ ಮಾಡುತ್ತಿದ್ದಾನೋ ಎಂಬಂತೆ ನಕ್ಕಳು. ಕೊನೆಯ ಮಾತು ಕೇಳಿದ ಮೇಲೆ ನಗು ಅಲ್ಲೇ ನಿಂತಿತು. ಅದು ಅವಳು ಹೇಳಿದ್ದಲ್ಲ, ಅಜ್ಜ ತಾನಾಗಿ ಕೂಡಿಸಿದ್ದು. ಅವ್ವ ಮೆಲ್ಲಗೆ ಕೂತು ಕಲ್ಲಿನ ಮುಂದಿನ ಮಣ್ಣಿನ ಮೇಲೆ ಅಂಗೈ ಇಟ್ಟಳು, ಜ್ವರ ಇದೆಯೋ ಎಂದು ನೋಡುವವಳ ಹಾಗೆ.

"ಅಳತಿರಬೇಕು," ಅಂದಳು.

ಅವನು ಸತ್ತ ದಿನದಿಂದ ಅಳದವಳು ಆಗ ಅತ್ತಳು. ಅಷ್ಟು ಬಯಲಿನಲ್ಲಿ, ಬಾಯಿಗೆ ಸೆರಗು ಕೂಡ ಅಡ್ಡ ಇಡದೆ, ಕುರಿ ಕಾಯುವವರು ತಿರುಗಿ ನೋಡುವ ಹಾಗೆ ಅತ್ತಳು. ನಾನೂ ಅತ್ತೆ. ಅವನಿಗಾಗಿಯೋ ಅವಳಿಗಾಗಿಯೋ ಗೊತ್ತಿಲ್ಲ. ಬಿಸಿಲು ಇಳಿದ ಮೇಲೆ ಅವಳು ಕಣ್ಣು ಒರೆಸಿಕೊಂಡು, ಗುಂಡಕಲ್ಲನ್ನು ಎತ್ತಿ ಸೊಂಟದ ಮೇಲೆ ಇಟ್ಟುಕೊಂಡು ಹೊರಟಳು. ಬದು ದಾಟುವಲ್ಲಿ ನಿಂತಳು. ತಿರುಗಿ ಹೋದಳು. ಕಲ್ಲಿನ ಬಲಕ್ಕೆ ಕೈಯಿಂದಲೇ ಸ್ವಲ್ಪ ಮಣ್ಣು ತೋಡಿ, ಗುಂಡಕಲ್ಲನ್ನು ಮಗುವಿನಂತೆ ಅಡ್ಡ ಮಲಗಿಸಿ, ಮಣ್ಣು ಎಳೆದಳು. ನಾನು ಯಾಕೆ ಎಂದು ಕೇಳಲಿಲ್ಲ. ಒಬ್ಬನೇ ಇರಲಾರದವನ ಹತ್ತಿರ ಅವನ ಅಣ್ಣನಾದರೂ ಇರಲಿ ಎಂದು ನನಗೂ ತಿಳಿದಿತ್ತು.

ಮನೆ ಮುಟ್ಟಿದಾಗ ಅಜ್ಜ ತಲೆಬಾಗಿಲ ಕಟ್ಟೆಯ ಮೇಲೆ ಕೂತಿದ್ದ. ನಮ್ಮನ್ನು ಕಂಡು ಕೆಮ್ಮಿದ. ಅವ್ವ ಸೆರಗು ಎಳೆದುಕೊಂಡು ನನ್ನ ಹಿಂದೆ ಸರಿದು ನಿಂತಳು. ಅಜ್ಜ ಅವಳ ಖಾಲಿ ಕೈಗಳನ್ನು ನೋಡಿದ, ಮಣ್ಣು ಮೆತ್ತಿದ ಉಗುರುಗಳನ್ನು ನೋಡಿದ. ಆಮೇಲೆ ಎಲ್ಲೋ ಬೀದಿಯ ಕಡೆ ಮುಖ ಮಾಡಿ ನನಗೆ ಹೇಳಿದ.

"ಹೇಳು ನಿಮ್ಮವ್ವಗ, ಸಂತಿಯಾಗ ಬ್ಯಾರೆ ಗುಂಡಕಲ್ಲು ತರ್ತೀನಿ ಅಂತ."

ಅವ್ವ ನನ್ನ ಬೆನ್ನಿಗೆ ಹತ್ತಿಕೊಂಡೇ ನಿಂತಿದ್ದಳು. ನಾನು ತಿರುಗಿ, ಒಂದಕ್ಷರ ಬಿಡದೆ, ಅವಳಿಗೆ ಹೇಳಿದೆ.